ಐದು ಎಂಎಲ್ ಮತ್ತು ಕೊಸರು

ನಾಸಿಕದ ಗಂಗಾಪುರ ರಸ್ತೆಯ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ಸಮುದ್ರವಿತ್ತು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಆಳ. ಅರಬ್ಬೀ ಸಮುದ್ರ ಇದಕ್ಕಿಂತ ದೊಡ್ಡದಲ್ಲವೇ ಎಂದು ಯಾರಾದರೂ ಕೇಳಿದರೆ ಮಧುಕರ ನಕ್ಕುಬಿಡುತ್ತಿದ್ದ. ದೊಡ್ಡದಿರಬಹುದು. ಆದರೆ ಅದರ ಗಾಜನ್ನು ದಿನಾ ಯಾರು ಒರೆಸುತ್ತಾರೆ? ಸಂಜೆ ಆ ತೊಟ್ಟಿಯ ನೀಲಿ ದೀಪ ಹತ್ತಿತೆಂದರೆ ಎದುರು ಬಂಗಲೆಯ ಮಾವಿನ ಮರ ಗಡಿಬಿಡಿಗೊಂಡು ವರ್ಷಕ್ಕೆ ಎರಡು ಸಲ ಹೂ ಬಿಡುತ್ತಿತ್ತು. ಒಳಗಿನ ಎರಡು ಪಟ್ಟೆ ಮೀನುಗಳು ಮಧುಕರ ಮನೆಗೆ ಬಂದಾಗ ಎದ್ದು ನಿಲ್ಲುತ್ತಿದ್ದವು. ಮೀನು ಎದ್ದು ನಿಲ್ಲುವುದು ಹೇಗೆಂದು ಕೇಳಬಾರದು. ಕೇಳಿದವರಿಗೆ ಮಧುಕರ ತೋರಿಸಿದ್ದಾನೆ.

ಮಧುಕರ ಗದಗಿನವನು. ಬ್ಯಾಂಕಿನ ವರ್ಗಾವಣೆ ಅವನನ್ನು ನಾಸಿಕಕ್ಕೆ ತಂದು, ಅಲ್ಲಿಂದ ದಿನಾ ಪಿಂಪಳಗಾಂವ್ ಬಸವಂತ್ ಶಾಖೆಗೆ ಬಸ್ಸಿನಲ್ಲಿ ಓಡಾಡಿಸುತ್ತಿತ್ತು. ಅವನು ಹೋಗಿ ಶಾಖೆಯ ಬೀಗ ತೆಗೆದ ಮೇಲೆಯೇ ಅಲ್ಲಿನ ಈರುಳ್ಳಿ ಮಾರುಕಟ್ಟೆ ಕಣ್ಣು ಬಿಡುತ್ತಿತ್ತು. ಇದು ಅವನದೇ ಮಾತು. ಅವನ ಮಾತುಗಳಿಗೆ ಒಂದು ಗುಣವಿತ್ತು, ಅವು ಬೆಳೆಯುತ್ತಿದ್ದವು. ಮದುವೆಯ ಹೊಸತರಲ್ಲಿ ಅವನು ತುಂಗಭದ್ರೆಯಲ್ಲಿ ಕಂಡ ಮೊಸಳೆ ನಾಲ್ಕು ಮೊಳ ಇತ್ತು. ಆಮೇಲೆ ಅದನ್ನು ಯಾರೂ ನೋಡಿಲ್ಲ, ಅದಕ್ಕೆ ಯಾರೂ ಮೇವು ಹಾಕಿಲ್ಲ. ಆದರೂ 2011ರ ಮಳೆಗಾಲದ ಹೊತ್ತಿಗೆ ಅದು ಹದಿನೇಳು ಮೊಳವಾಗಿತ್ತು.

ಆ ಮಳೆಗಾಲದಲ್ಲೇ ಜಯಂತರಾವ್ ಅವರ ಫೋನು ಬಂತು.

ಜಯಂತರಾವ್ ಧಾರವಾಡದವರು, ಅದೇ ಬ್ಯಾಂಕಿನವರು, ಮಧುಕರನಿಗಿಂತ ಹತ್ತು ವರ್ಷ ಹಿರಿಯರು. ಈಗ ಸಂಭಾಜಿನಗರ ಎನ್ನುವ, ಆಗ ಬಸ್ಸಿನ ಹಲಗೆಯ ಮೇಲೆ ಔರಂಗಾಬಾದ್ ಎಂದೇ ಇದ್ದ ಊರಿನಲ್ಲಿ ಇದ್ದರು. ಅವರ ಮನೆಯಲ್ಲೂ ಉಪ್ಪುನೀರಿನ ತೊಟ್ಟಿ ಇತ್ತು. ಅದರ ನಡುವೆ ಏಳು ವರ್ಷದ ಒಂದು ಹವಳವಿತ್ತು. ಬೆರಳಿನ ಉಗುರಿನಷ್ಟಿದ್ದ ಚೂರು ಕವಲೊಡೆದು ಕವಲೊಡೆದು ತೆಂಗಿನಕಾಯಿಯ ಗಾತ್ರಕ್ಕೆ ಬಂದಿತ್ತು. ಒಂದೊಂದು ಕವಲಿನ ತುದಿಯಲ್ಲೂ ನೇರಳೆ ಬಣ್ಣ, ಇಳಕಲ್ ಸೀರೆಯ ಸೆರಗಿಗೆ ಹೊಟ್ಟೆಕಿಚ್ಚಾಗುವಂಥದ್ದು. ಮಧುಕರ ಅದನ್ನು ಮೊದಲ ಸಲ ಕಂಡ ದಿನ ಊಟ ಮಾಡಿರಲಿಲ್ಲ. ಮಧುಕರ ಊಟ ಬಿಟ್ಟದ್ದು ಇತಿಹಾಸದಲ್ಲಿ ಅದೊಂದೇ ಸಲ.

"ಮಧುಕರ, ನನಗ ಅಗರ್ತಲಾಕ್ಕ ಹಾಕ್ಯಾರೋ," ಎಂದರು ಜಯಂತರಾವ್.

"ಅಯ್ಯ ಶಿವನ! ಅಷ್ಟು ದೂರ? ಹವಳದ ಗತಿ ಏನ್ರಿ?"

"ನಾ ದೇಶಾಂತರ ಹೊಂಟೀನಿ ಅಂದ್ರ ನಿನಗ ಹವಳದ ಚಿಂತಿ."

"ನಿಮ್ಮನ್ನ ನೋಡಿಕೊಳ್ಳಾಕ ಬ್ಯಾಂಕ್ ಐತ್ರಿ. ಅದಕ್ಕ ಯಾರದಾರ? ನಾ ಅದೀನಿ. ಈಗ ಬಸ್ ಹತ್ತಲೇನು?"

"ತಡಿಯೋ ಮಾರಾಯ. ಹಂಗ ಕೊಡೂದಿಲ್ಲ. ಇಪ್ಪತ್ತೊಂದು ದಿನ ದಿನಾ ಸಂಜಿಕೆ ನಿನ್ನ ನೀರಿನ ಆಲ್ಕಲಿನಿಟಿ ಅಳದು ನನಗ ಹೇಳು. ಡೈರಿಯೊಳಗ ಬರದೂ ಇಡು. ಒಂದು ಅಂಕಿಗಿಂತ ಹೆಚ್ಚು ಏರಿಳಿತ ಆಗಬಾರದು. ಕಡೇ ದಿನ ನಿನ್ನ ನೀರು ಒಂದು ಬಾಟಲಿ ತಗೊಂಡು ಇಲ್ಲಿ ಬಾ, ನಾನ ನೋಡ್ತೀನಿ. ನೀರು ಕುಣೀತು ಅಂದ್ರ ಹವಳ ಪುಣೆಯ ದೇವದಾಸಗ."

ದೇವದಾಸ! ಅವನ ಖಾನಾವಳಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ತೊಟ್ಟಿ. ಮಿಸಳ್ ತಿನ್ನುವ ಗಿರಾಕಿಗಳು ಚಮಚದಿಂದ ಗಾಜು ಬಡಿದು ಮೀನುಗಳನ್ನು ಕರೆಯುತ್ತಿದ್ದರು. ಆ ನೇರಳೆ ತುದಿಗಳ ಎದುರು ಚಮಚ ಬಡಿಯುವ ಸದ್ದನ್ನು ಮಧುಕರ ನಾಸಿಕದಲ್ಲೇ ನಿಂತು ಕೇಳಿಸಿಕೊಂಡ.

"ಇಪ್ಪತ್ತೊಂದು ದಿನ ಯಾಕ, ಇಪ್ಪತ್ತೊಂದು ವರ್ಷ ಅಲುಗದಂಗ ಇಡತೀನ್ರಿ," ಎಂದ.

ಆಲ್ಕಲಿನಿಟಿ ಎಂದರೆ ನೀರಿನಲ್ಲಿ ಕರಗಿರುವ, ಅಡುಗೆ ಸೋಡಾದ ಜಾತಿಯ ಸತ್ತ್ವ. ಹವಳ ಅದನ್ನು ಹೀರಿಕೊಂಡು ತನ್ನ ಎಲುಬು ಕಟ್ಟಿಕೊಳ್ಳುತ್ತದೆ. ಹೀರಿದಷ್ಟನ್ನು ನಾವು ದಿನಾ ಸೋಡಾ ನೀರು ಬೆರೆಸಿ ತುಂಬಿಕೊಡಬೇಕು. ಎಷ್ಟಿದೆಯೆಂದು ಅಳೆಯುವುದು ಸುಲಭ. ಗಾಜಿನ ನಳಿಕೆಯಲ್ಲಿ ಗೆರೆಯ ತನಕ, ಅಂದರೆ ಐದು ಎಂಎಲ್, ತೊಟ್ಟಿಯ ನೀರು ತುಂಬಬೇಕು. ಪುಟ್ಟ ಬಾಟಲಿಯ ಔಷಧವನ್ನು ಒಂದೊಂದೇ ಹನಿ ಬಿಟ್ಟು ಅಲ್ಲಾಡಿಸಬೇಕು. ನೀರು ಮೊದಲು ನೀಲಿಯಾಗುತ್ತದೆ, ಮುಂದೆ ಯಾವುದೋ ಒಂದು ಹನಿಗೆ ಫಕ್ಕನೆ ಹಳದಿಯಾಗುತ್ತದೆ. ಎಷ್ಟನೆಯ ಹನಿಗೆ ಹಳದಿಯಾಯಿತೋ ಅದೇ ಅಂಕಿ. ಎಂಟರ ಆಸುಪಾಸು ಇದ್ದರೆ ಹವಳಕ್ಕೆ ಸುಖ. ಇಂದು ಎಂಟು, ನಾಳೆ ಹನ್ನೊಂದು ಎಂದು ನೀರು ಕುಣಿದರೆ ಹವಳ ಬಿಳಿಚಿಕೊಂಡು ಪ್ರಾಣ ಬಿಡುತ್ತದೆ.

ಅಳೆಯುವುದೆಂದರೆ ಮಧುಕರನಿಗೆ ರಕ್ತದಲ್ಲಿ ಬಂದ ವಿದ್ಯೆ. ಅವನ ಅಜ್ಜ ರೇವಪ್ಪ ಗದಗಿನ ಅಡತಿ ಅಂಗಡಿಯಲ್ಲಿ ಕಾಳು ಅಳೆಯುತ್ತಿದ್ದವನು. ರೇವಪ್ಪ ಜೋಳ ಅಳೆದರೆ ಜೋಳದ ರಾಶಿಯೇ ಉಸಿರು ಬಿಗಿಹಿಡಿಯುತ್ತಿತ್ತು, ಎತ್ತುಗಳು ಕೊರಳ ಗಂಟೆ ಅಲ್ಲಾಡಿಸುತ್ತಿರಲಿಲ್ಲ. ಮೊಮ್ಮಗ ಹನಿ ಎಣಿಸುವಾಗಲೂ ಅಜ್ಜನ ಹಾಗೇ "ಒಂದು" ಎನ್ನುತ್ತಿರಲಿಲ್ಲ. "ಲಾಭ, ಎರಡು, ಮೂರು..." ಎಂದು ರಾಗವಾಗಿ ಎಣಿಸುತ್ತಿದ್ದ. ಮನೆ ಕೆಲಸ ನಿಲ್ಲಿಸಿ ಎಲ್ಲರೂ ನೋಡುವಂತೆ ಮಾಡುತ್ತಿದ್ದ. ಎಲ್ಲರೂ ಎಂದರೆ ಇಬ್ಬರು. ಒಬ್ಬಳು ಅವನ ಹೆಂಡತಿ ಶುಭಾ, ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗುವವಳು. ಇನ್ನೊಬ್ಬಳು ಪಾತ್ರೆ ತಿಕ್ಕಲು ಬರುತ್ತಿದ್ದ ಚನಬಸವ್ವ. ಇಂಡಿ ತಾಲೂಕಿನವಳು, ಗಂಡ ಅಮಸಿದ್ದ ಹಿಂದಿನ ಓಣಿಯ ಹೊಸ ಕಟ್ಟಡಕ್ಕೆ ಇಟ್ಟಿಗೆ ಹೊರುತ್ತಿದ್ದ.

ಮೊದಲ ದಿನ ಎಂಟು. ಎರಡನೆಯ ದಿನ ಒಂಬತ್ತು. ಮೂರನೆಯ ದಿನ ಹನ್ನೊಂದು.

ಆ ಹನ್ನೊಂದನ್ನು ಕಂಡು ಮಧುಕರನ ಮೀಸೆ ತಾನಾಗಿ ಕೆಳಗೆ ಬಾಗಿತು. ಸೋಡಾ ಹಾಕುವುದನ್ನು ನಿಲ್ಲಿಸಿದ. ಮಾರನೆಯ ದಿನ ಎಂಟು. ಗಾಬರಿಯಾಗಿ ಎರಡು ಪಾಲು ಸೋಡಾ ಸುರಿದ. ಅದರ ಮಾರನೆಯ ದಿನವೂ ಎಂಟೇ. ಆಮೇಲೆ ಹತ್ತು.

"ಏನಾತು? ಎಷ್ಟು?" ಎಂದು ಸಂಜೆ ಜಯಂತರಾವ್ ಕೇಳಿದರು.

"ಎಂಟ್ರಿ."

"ಮೊನ್ನೆ?"

"ಮೊನ್ನೇನೂ ಎಂಟು. ನಾಳಿಗೂ ಎಂಟ ಬರತೈತಿ. ನಮ್ಮನಿ ನೀರಿಗೆ ಎಂಟು ಬಿಟ್ಟರ ಬ್ಯಾರೆ ಅಂಕಿನ ಗೊತ್ತಿಲ್ಲ."

ಬಾಯಲ್ಲಿ ಎಂಟೆಂದರೂ ಡೈರಿಯಲ್ಲಿ ಕಂಡದ್ದನ್ನೇ ಬರೆದ, ಹನ್ನೊಂದಕ್ಕೆ ಹನ್ನೊಂದು, ಹತ್ತಕ್ಕೆ ಹತ್ತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಬಾಯಿ ಅವನದಾಗಿಯೇ ಉಳಿದಿತ್ತು, ಕೈ ಮಾತ್ರ ಬ್ಯಾಂಕಿನದಾಗಿಬಿಟ್ಟಿತ್ತು.

ತಪ್ಪು ಯಾರದು? ತನ್ನದಂತೂ ಆಗಿರಲು ಸಾಧ್ಯವಿಲ್ಲ. ಮೊದಲು ಶುಭಾಳ ಒಗ್ಗರಣೆಯ ಮೇಲೆ ಆರೋಪ ಬಂತು.

"ಸಾಸಿವಿ ಸಿಡಿದು ಹೊಗಿ ನೀರಿಗೆ ಇಳೀತೈತಿ. ಇನ್ನ ಮ್ಯಾಲ ಒಗ್ಗರಣಿ ಬಂದ್."

"ಆಗಲಿ," ಎಂದಳು ಶುಭಾ. "ನಾಳೆಯಿಂದ ಸಾರಿಗೆ ನಿಮ್ಮ ಮಾತ ಒಗ್ಗರಣಿ ಹಾಕತೀನಿ. ಅದೂ ಭಾಳ ಸಿಡೀತೈತಿ."

ಆಮೇಲೆ ಇಗತಪುರಿಯ ಮೋಡಗಳು ಸಿಕ್ಕಿಬಿದ್ದವು. ಅಲ್ಲಿ ಸುರಿದು ಹಗುರಾಗಿ ನಾಸಿಕಕ್ಕೆ ಬರುವ ಮೋಡಗಳು ಗಾಳಿಯ ತೂಕ ತಪ್ಪಿಸುತ್ತವೆ ಎಂದ. ಆಮೇಲೆ ಪಿಂಪಳಗಾಂವಿನ ಈರುಳ್ಳಿ. ತನ್ನ ಕೈಗೆ ಅಂಟಿದ ಘಾಟಿಗೆ ಔಷಧ ಹೆದರುತ್ತದೆ ಎಂದು ಮೂರು ಸಲ ಸಾಬೂನು ಹಚ್ಚಿ ತೊಳೆದ. ಹೊಸ ಔಷಧ ತರಿಸಿದ. ಅದೂ ಕುಣಿಯಿತು. ಒಂಬತ್ತನೆಯ ದಿನ, ಹಿಂದೊಮ್ಮೆ ಜಯಂತರಾವ್ ಕೊಟ್ಟಿದ್ದ ಕಿರುಬೆರಳಿನಷ್ಟು ಹವಳದ ಚೂರಿನ ತುದಿ ಸುಣ್ಣದಂತೆ ಬೆಳ್ಳಗಾಯಿತು. ಮಧುಕರ ಗಾಜಿಗೆ ಹಣೆ ಹಚ್ಚಿ ಕುಳಿತ. ಎರಡು ಪಟ್ಟೆ ಮೀನುಗಳು ಅವನ ಕಡೆ ಬೆನ್ನು ತಿರುಗಿಸಿದವು.

ಹತ್ತನೆಯ ದಿನ ಸಂಜೆ ಅವನು ನಳಿಕೆ ತುಂಬಿ ಎಣಿಸಲು ತೊಡಗಿದಾಗ ಚನಬಸವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

"ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಒಂದು ಮಾತು ಕೇಳಲೇನ್ರಿ?"

"ಕೇಳವಾ. ನೀ ಒಬ್ಬಾಕಿ ಉಳದಿದ್ದಿ."

"ನೀವು ಆ ಗೆರಿ ತನಕ ನೀರು ಹಾಕ್ತೀರಿ. ಆಮ್ಯಾಲ ಕೊಸರು ಯಾಕ ಹಾಕ್ತೀರಿ?"

ತೊಟ್ಟಿಯ ಪಂಪು ಒಂದು ಗುಟುಕು ತಪ್ಪಿಸಿತೆನ್ನಬೇಕು.

ಕೊಸರು! ಅಂಗಡಿಯವನು ಅಳತೆ ಮುಗಿದ ಮೇಲೆ ಗಿರಾಕಿಯ ಸಮಾಧಾನಕ್ಕೆ ಮೇಲೊಂದು ಹಿಡಿ ಸುರಿಯುತ್ತಾನಲ್ಲ, ಅದು. ರೇವಪ್ಪಜ್ಜ ಹಾಕುತ್ತಿದ್ದ. ಕೊಸರಿಲ್ಲದ ಅಳತೆ ಕಳ್ಳನ ಅಳತೆ ಎಂದು ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದ. ಮಧುಕರ ಐದು ಎಂಎಲ್ ತುಂಬುತ್ತಿದ್ದ, ಗೆರೆ ನೋಡುತ್ತಿದ್ದ, ತಲೆಯಾಡಿಸುತ್ತಿದ್ದ, ಆಮೇಲೆ ಅವನಿಗೇ ಅರಿವಿಲ್ಲದೆ ಅವನ ಬಲಗೈ ಒಂದಿಷ್ಟು ಮೇಲೆ ಸುರಿಯುತ್ತಿತ್ತು. ನೀರು ಹೆಚ್ಚಾದಷ್ಟೂ ಅದನ್ನು ಹಳದಿ ಮಾಡಲು ಹನಿಗಳೂ ಹೆಚ್ಚು ಬೇಕು. ಆ ಸುಳ್ಳು ಅಂಕಿಯನ್ನು ನಂಬಿ ಅವನು ಸೋಡಾ ಏರಿಸಿ ಇಳಿಸಿ ನೀರನ್ನು ನಿಜಕ್ಕೂ ಕುಣಿಸುತ್ತಿದ್ದ.

"ನಾ? ಕೊಸರು? ಸಾಧ್ಯನ ಇಲ್ಲ," ಎಂದ ಮಧುಕರ.

"ನಾ ಹುಟ್ಟಿದಾಗಿಂದ ಕೊಸರು ಇಸಗೊಂಡಾಕಿ ಅದೀನ್ರಿ," ಎಂದಳು ಚನಬಸವ್ವ. "ಕೊಡಾವ್ರಿಗೆ ನೆನಪಿರೂದಿಲ್ಲ, ಇಸಗೊಳ್ಳಾವ್ರ ಕಣ್ಣು ಕೈಮ್ಯಾಲ ಇರತೈತಿ. ನಿಮ್ಮದು ದೊಡ್ಡ ಕೈ ಐತ್ರಿ. ಖುಷಿ ಇದ್ದ ದಿನ ಭಾಳ ಸುರೀತೀರಿ. ಅಕ್ಕಾರ ಜೋಡಿ ಜಗಳ ಆದ ದಿನ ಹನಿ ಸುದ್ದಾ ಮ್ಯಾಲ ಬೀಳೂದಿಲ್ರಿ."

ಶುಭಾ ಡೈರಿ ಕಸಿದುಕೊಂಡಳು. ಪೆನ್ಸಿಲ್ ತಂದು ಒಂದೊಂದು ಅಂಕಿಯ ಪಕ್ಕದಲ್ಲೂ ಆ ದಿನ ಮನೆಯಲ್ಲಿ ಏನಾಗಿತ್ತೆಂದು ನೆನೆದು ಬರೆಯುತ್ತ ಹೋದಳು. ಹನ್ನೊಂದು: ಹೋಳಿಗೆ ಮಾಡಿದ್ದೆ. ಎಂಟು: ನನ್ನ ತಮ್ಮ ಬರುತ್ತಾನೆ ಎಂದಿದ್ದೆ. ಎಂಟು: ತಮ್ಮ ಬಂದ. ಹತ್ತು: ತಮ್ಮ ಹೋದ.

"ರೀ, ಇದು ನೀರಿನ ಆಲ್ಕಲಿನಿಟಿ ಅಲ್ಲ, ನಿಮ್ಮದು," ಎಂದಳು.

ಮಧುಕರ ಒಪ್ಪಲಿಲ್ಲ. ಒಪ್ಪದವನಿಗೆ ಅವಳು ಐದು ಲೋಟ ಕೊಟ್ಟು, ಟಿವಿ ಹಚ್ಚಿ, ಅದನ್ನು ನೋಡುತ್ತಲೇ ನಳಿಕೆಯನ್ನು ಐದು ಸಲ ತುಂಬಿ ಲೋಟಗಳಿಗೆ ಸುರಿಯಲು ಹೇಳಿದಳು. ಆಮೇಲೆ ಔಷಧ ಅಂಗಡಿಯ ಸಿರಿಂಜಿನಿಂದ, ಸೂಜಿ ತೆಗೆದು, ಒಂದೊಂದು ಲೋಟದ ನೀರನ್ನೂ ಎಳೆದು ನೋಡಿದಳು. ಐದೂಕಾಲು. ಆರು. ಐದೂವರೆ. ಏಳು. ಏಳಕ್ಕೆ ಏನಾಗಿತ್ತೆಂದರೆ, ಆ ಹೊತ್ತಿಗೆ ಟಿವಿಯಲ್ಲಿ ಯಾರೋ ಸಿಕ್ಸರ್ ಹೊಡೆದಿದ್ದರು. ಕೊನೆಯದು ಮತ್ತೆ ಆರು.

ಮಧುಕರ ತನ್ನ ಬಲಗೈಯನ್ನು ಬೆಳಕಿಗೆ ಹಿಡಿದು ತಿರುಗಿಸಿ ಮುರುಗಿಸಿ ನೋಡಿದ. ನಲವತ್ತನಾಲ್ಕು ವರ್ಷ ಜೊತೆಯಲ್ಲೇ ಉಂಡ ಕೈ!

ಅಂದಿನಿಂದ ಮನೆಯಲ್ಲಿ ಹೊಸ ಕಾನೂನು ಬಂತು. ಬರೆದವಳು ಶುಭಾ, ಕಾವಲು ಚನಬಸವ್ವನದು. ನಳಿಕೆಯನ್ನು ತೊಟ್ಟಿಯ ನೀರಿನಿಂದಲೇ ಎರಡು ಸಲ ಗಲಬರಿಸಿ ತೊಳೆಯಬೇಕು. ನೀರನ್ನು ಗೆರೆ ನೋಡಿ ಸುರಿಯುವಂತಿಲ್ಲ, ಸಿರಿಂಜಿನಿಂದಲೇ ಎಳೆಯಬೇಕು, ಅದರಲ್ಲಿ ಗಾಳಿಯ ಗುಳ್ಳೆ ಇರಕೂಡದು. ಐದರ ಬದಲು ಹತ್ತು ಎಂಎಲ್ ತೆಗೆದುಕೊಂಡರೆ ಒಂದು ಹನಿಗೆ ಅರ್ಧ ಅಂಕಿ, ಲೆಕ್ಕ ಇನ್ನೂ ನಯ. ಔಷಧದ ಬಾಟಲಿಯನ್ನು ನೆಟ್ಟಗೆ ತಲೆಕೆಳಗಾಗಿ ಹಿಡಿಯಬೇಕು. ದಿನಾ ಸಂಜೆ ಏಳಕ್ಕೇ, ಬಿಳಿ ಗೋಡೆಯ ಎದುರೇ ನೋಡಬೇಕು. ಮತ್ತು ಒಮ್ಮೆ ನೋಡಿದ್ದನ್ನು ನಂಬುವಂತಿಲ್ಲ, ಬೆನ್ನಿಗೇ ಇನ್ನೊಮ್ಮೆ ಅಳೆದು ಎರಡೂ ಸರಿಹೋದರೆ ಮಾತ್ರ ಡೈರಿಗೆ.

ಮೊದಲ ಎರಡು ದಿನ ಚನಬಸವ್ವ ಪಕ್ಕದಲ್ಲಿ ನಿಂತು, ಅವನ ಬಲಗೈ ಕೊಸರಿಗೆ ಹೊರಟಾಗಲೆಲ್ಲ "ಹೂಂ!" ಎನ್ನುತ್ತಿದ್ದಳು. ಎತ್ತು ಬೇರೆಯವರ ಹೊಲಕ್ಕೆ ಬಾಯಿ ಹಾಕಿದಾಗ ಎನ್ನುವ ಹೂಂ ಅದು. ಕೈ ಕಲಿಯಿತು. ಮಧುಕರ ಸೋಡಾವನ್ನು ದಿನಾ ಒಂದೇ ಅಳತೆಗೆ ತಂದ. ನೀರು ಏಳೂವರೆಗೆ ಬಂದು ಕುಳಿತಿತು. ಏಳೂವರೆ, ಏಳೂವರೆ, ಏಳೂವರೆ. ಗೋದಾವರಿ ಉಕ್ಕಿ ರಾಮಕುಂಡದ ಮೆಟ್ಟಿಲು ಮುಳುಗಿದ ದಿನವೂ ಏಳೂವರೆ. ಕಿರುಬೆರಳಿನ ಹವಳದ ತುದಿಗೆ ಮೆಲ್ಲಗೆ ಬಣ್ಣ ಮರಳಿತು.

ಫೋನಿನಲ್ಲಿ ಮಾತ್ರ ಎಂಟೇ ಮುಂದುವರಿಯಿತು. ಹತ್ತು ದಿನ ಹೇಳಿದ ಎಂಟನ್ನು ಹನ್ನೊಂದನೆಯ ದಿನ ಇಳಿಸುವುದು ಹೇಗೆ?

ಇಪ್ಪತ್ತೊಂದನೆಯ ದಿನ ಭಾನುವಾರ. ಮಧುಕರ ಮತ್ತು ಶುಭಾ ನಸುಕಿನ ಬಸ್ಸು ಹಿಡಿದರು. ನೀರಿನ ಬಾಟಲಿ, ಅಳೆಯುವ ಸಾಮಾನು, ಸಿರಿಂಜು, ಡೈರಿ, ಹವಳ ತರಲು ಮುಚ್ಚಳದ ಬಕೀಟು, ಎಲ್ಲ ತೊಡೆಯ ಮೇಲೆ. ಯೇವಲಾ ದಾಟಿ, ವೈಜಾಪುರ ದಾಟಿ, ಊರು ತಲುಪುವ ತನಕ ಮಧುಕರ ಬಾಯಿ ಬಿಡಲಿಲ್ಲ. ಶುಭಾ ಎರಡು ಸಲ ಅವನ ಹಣೆ ಮುಟ್ಟಿ ಜ್ವರವಿದೆಯೇ ನೋಡಿದಳು.

ಜಯಂತರಾವ್ ಅವರ ಮನೆಯಲ್ಲಿ ಅರ್ಧ ಸಾಮಾನು ಆಗಲೇ ಪೆಟ್ಟಿಗೆ ಸೇರಿತ್ತು. ಹವಳ ಮಾತ್ರ ತೊಟ್ಟಿಯ ನಡುವೆ ರಾಜನಂತೆ ಕೂತಿತ್ತು. ಅವರು ಕನ್ನಡಕ ಏರಿಸಿಕೊಂಡು, ತಮ್ಮದೇ ನಳಿಕೆಯಲ್ಲಿ ನಾಸಿಕದ ನೀರು ತುಂಬಿ ಹನಿ ಬಿಟ್ಟರು. ಒಂಬತ್ತನೆಯ ಹನಿಗೆ ಹಳದಿ.

"ಒಂಬತ್ತು," ಎಂದರು. "ನೀ ಎಂಟು ಅಂದಿದ್ದೆಲ್ಲೋ?"

ಮಧುಕರ ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಎಂಟಕ್ಕೂ ಒಂಬತ್ತಕ್ಕೂ ಒಂದೇ ಅಂಕಿಯ ಅಂತರ, ಷರತ್ತಿಗೆ ಸರಿಹೋಗುತ್ತಿತ್ತು. ಆದರೆ ಚನಬಸವ್ವನ ಹೂಂಕಾರ ಕೇಳಿ ಕಲಿತ ಕೈಗೆ ಅವಮಾನವಾಯಿತು.

"ಇಲ್ರಿ. ಇದು ಏಳೂವರಿ ನೀರು. ನಿಮ್ಮ ಅಳತಿ ತಪ್ಪೈತಿ."

"ಏನಂದಿ? ನಾ ಏಳು ವರ್ಷದಿಂದ ಅಳೀಲಿಕ್ಕೆ ಹತ್ತೀನಿ!"

"ನಮ್ಮಜ್ಜ ಐವತ್ತು ವರ್ಷ ಅಳದಿದ್ದ. ತಪ್ಪು ತಪ್ಪ."

ಮಧುಕರ ಸಿರಿಂಜು ತೆಗೆದು, ಹತ್ತು ಎಂಎಲ್ ಎಳೆದು, ಹದಿನೈದು ಹನಿ ಎಣಿಸಿದ. ಏಳೂವರೆ. ಮತ್ತೊಮ್ಮೆ. ಏಳೂವರೆ. ಜಯಂತರಾವ್ ತಮ್ಮ ಹಾಗೆ ಮತ್ತೊಮ್ಮೆ ನೋಡಿದರು. ಒಂಬತ್ತು. ಇಬ್ಬರ ಔಷಧದ ಬಾಟಲಿಗಳನ್ನು ಅದಲು ಬದಲು ಮಾಡಿದರು. ಆಗಲೂ ಅವರಿಗೆ ಒಂಬತ್ತು, ಇವನಿಗೆ ಏಳೂವರೆ. ಒಂದೇ ಬಾಟಲಿಯ ನೀರು, ಎರಡು ಜಾತಕ.

"ಹಿಂಗ ಜಗಳಾಡಿದರ ಅಗರ್ತಲಾದ ರೈಲು ತಪ್ಪತೈತಿ," ಎಂದಳು ಶುಭಾ. "ನಮ್ಮ ಆಫೀಸಿನ್ಯಾಗ ತಕ್ಕಡಿ ಮ್ಯಾಲ ಸಂಶಯ ಬಂದರ ಗೊತ್ತಿರೋ ತೂಕದ ಬಟ್ಟು ಇಟ್ಟು ನೋಡತೀವಿ. ಎಷ್ಟೈತಿ ಅಂತ ಮೊದಲ ಗೊತ್ತಿರೋ ನೀರು ಮಾಡ್ರಿ, ಅದನ್ನ ಅಳೀರಿ."

ಜಯಂತರಾವ್ ಅದರ ಲೆಕ್ಕ ಬಲ್ಲವರು. ಒಂದು ಲೀಟರ್ ಬಟ್ಟಿ ಇಳಿಸಿದ ನೀರಿಗೆ ಮುನ್ನೂರು ಮಿಲಿಗ್ರಾಂ ಅಡುಗೆ ಸೋಡಾ ಬೆರೆಸಿದರೆ ಸರಿಯಾಗಿ ಹತ್ತು. ಇನ್ವರ್ಟರಿಗೆ ಹಾಕುವ ಬಟ್ಟಿ ನೀರು ಮನೆಯಲ್ಲೇ ಇತ್ತು. ಸೋಡಾ ಅಡುಗೆಮನೆಯಲ್ಲಿತ್ತು. ಮುನ್ನೂರು ಮಿಲಿಗ್ರಾಂ ತೂಗುವ ತಕ್ಕಡಿ ಮಾತ್ರ ಕೆಳಗಿನ ಅಂಗಡಿಯಲ್ಲಿತ್ತು, ಉದಗೀರಿನ ಕಡೆಯ ಸರಾಫ ವಿಶ್ವನಾಥಪ್ಪನವರ ಹತ್ತಿರ. ಬಂಗಾರ ಬಿಟ್ಟು ಬೇರೇನನ್ನೂ ಕಂಡರಿಯದ ತಕ್ಕಡಿ.

ಮೂವರೂ ಸೋಡಾದ ಡಬ್ಬಿ ಹಿಡಿದು ಇಳಿದರು. ವಿಶ್ವನಾಥಪ್ಪ ಬಿಳಿ ಪುಡಿಯನ್ನು ನೋಡಿದರು, ಮೂವರ ಮುಖ ನೋಡಿದರು, ಅಂಗಡಿಯ ಬಾಗಿಲು ಅರ್ಧ ಎಳೆದರು.

"ಜಯಂತರಾವ್, ನೀವು ಮರ್ಯಾದಸ್ಥ ಮಂದಿ. ಇದೇನ್ರಿ?"

"ಸೋಡಾ. ಭಜಿಗೆ ಹಾಕೋದು."

"ಭಜಿ ಸೋಡಾ ಬಂಗಾರದ ಕಾಟ್ಯಾ ಮ್ಯಾಲ? ಕಿತಿ ತೋಳೆ ಪಾಹಿಜೆ?" ಎಷ್ಟು ತೊಲ ಬೇಕು ಎಂದು ಅವರು ಮರಾಠಿಯಲ್ಲಿ ಚುಚ್ಚಿದರು. ಆದರೂ ಕಾಗದದ ತುಂಡಿನ ಮೇಲೆ ಚಿಮುಟದಿಂದ ಇಷ್ಟಿಷ್ಟೇ ಉದುರಿಸಿ, ಉಸಿರು ಬಿಗಿಹಿಡಿದು, ಮುನ್ನೂರಕ್ಕೆ ನಿಲ್ಲಿಸಿದರು. ಆ ಪುಡಿಯನ್ನು ಮಧುಕರ ಮಹಡಿಗೆ ಹೊತ್ತ ರೀತಿಯಲ್ಲಿ ಯಾವ ವಧುವಿನ ತಾಳಿಯನ್ನೂ ಯಾರೂ ಹೊತ್ತಿರಲಿಕ್ಕಿಲ್ಲ.

ಹತ್ತರ ನೀರು ಸಿದ್ಧವಾಯಿತು. ಮಧುಕರನಿಗೆ ಹತ್ತು. ಜಯಂತರಾವ್ ಅವರಿಗೆ ಹನ್ನೆರಡು.

ಜಯಂತರಾವ್ ಬಾಟಲಿಯನ್ನು ಕೆಳಗಿಡಲಿಲ್ಲ, ಕೈಯಲ್ಲೇ ಹಿಡಿದು ನಿಂತರು. ಅವರ ಕೈಯನ್ನು ದಿಟ್ಟಿಸುತ್ತಿದ್ದ ಶುಭಾ ಕೇಳಿದಳು, "ಬಾಟಲಿ ಓರೆ ಯಾಕ ಹಿಡೀತೀರಿ?"

"ಓರೆ ಹಿಡದ್ರ ಕನ್ನಡಕದಾಗ ಹನಿ ಛಂದ ಕಾಣ್ತದ."

"ನೆಟ್ಟಗ ಹಿಡೀರಿ ನೋಡೂಣು."

ನೆಟ್ಟಗೆ ಹಿಡಿದರೆ ಹತ್ತು. ಓರೆ ಹಿಡಿದಾಗ ಹನಿ ಸಣ್ಣದಾಗುತ್ತಿತ್ತು, ಸಣ್ಣ ಹನಿ ಹೆಚ್ಚು ಬೇಕಾಗುತ್ತಿತ್ತು. ಒಂಬತ್ತು ಒಂಬತ್ತು ಎಂದು ಏಳು ವರ್ಷ ಅವರು ತಮ್ಮ ತೊಟ್ಟಿಯಲ್ಲಿ ಕಾಪಾಡಿದ ನೀರು ಅಸಲಿಗೆ ಏಳೂವರೆಯದೇ ಆಗಿತ್ತು.

ಜಯಂತರಾವ್ ಕನ್ನಡಕ ತೆಗೆದಿಟ್ಟರು. ಆಮೇಲೆ ಮಧುಕರನ ಎರಡೂ ಕೈ ಹಿಡಿದುಕೊಂಡರು.

"ಮಧುಕರ, ನಿನ್ನಂಥಾ ಖರೇ ಮನಶ್ಯಾನ್ನ ನಾ ಕಂಡಿಲ್ಲೋ. ಇಷ್ಟು ದಿನ ನಿನ್ನ ಮಾತು ಕೇಳಿ ಹತ್ತರಾಗ ಒಂಬತ್ತು ಗಾಳಿ ಅಂತ ತಿಳದಿದ್ದೆ. ಕ್ಷಮಿಸು. ಹವಳ ನಿಂದ. ಬಕೀಟು ತಾ."

ಮಧುಕರನನ್ನು ಮಧುಕರನಿಗಿಂತ ಹೆಚ್ಚಾಗಿ ಹೊಗಳಿದವರು ಅಂದಿನ ತನಕ ಭೂಮಿಯ ಮೇಲೆ ಹುಟ್ಟಿರಲಿಲ್ಲ. ಬಕೀಟಿನ ಮುಚ್ಚಳ ತೆಗೆದ. ಹವಳದ ಕಡೆ ನೋಡಿದ. ನೇರಳೆ ತುದಿಗಳು ಅಲೆಯಲ್ಲಿ ಮಿಸುಕುತ್ತಿದ್ದವು. ಮುಚ್ಚಳ ಹಾಕಿದ. ಮತ್ತೆ ತೆಗೆದ. ಶುಭಾ ಕಿಟಕಿಯಾಚೆ ನೋಡುತ್ತಿದ್ದಳು. ಅವಳು ಏನಾದರೂ ಅಂದಿದ್ದರೆ ಜಗಳವಾಡಿಯಾದರೂ ಪಾರಾಗಬಹುದಿತ್ತು.

ಮಧುಕರ ಡೈರಿ ತೆಗೆದು ಅವರ ಕೈಗಿಟ್ಟ.

"ಇದನ್ನ ಓದಿ ಆಮ್ಯಾಲ ಹೇಳ್ರಿ."

ಜಯಂತರಾವ್ ಓದಿದರು. ಎಂಟು, ಒಂಬತ್ತು, ಹನ್ನೊಂದು, ಎಂಟು. ಪಕ್ಕದಲ್ಲಿ ಪೆನ್ಸಿಲ್ಲಿನ ಹೋಳಿಗೆ, ಬಂದ ತಮ್ಮ, ಹೋದ ತಮ್ಮ. ಅವರ ಹುಬ್ಬು ಗಂಟಿಕ್ಕಿತು.

"ಫೋನಿನಾಗ ಎಂಟು ಎಂಟು ಅಂತಿದ್ದಿ."

"ಹೌದ್ರಿ. ಸುಳ್ಳು ಹೇಳಿದೆ. ಹತ್ತು ದಿನ ನೀರು ಕುಣೀತು. ಕುಣಿಸಿದಾವ ನಾನ. ಐದು ಎಂಎಲ್ ಮ್ಯಾಲ ಕೊಸರು ಹಾಕತಿದ್ದೆ. ಹಿಡದಾಕಿ ನಮ್ಮನಿ ಚನಬಸವ್ವ, ಕಾನೂನು ಮಾಡಿದಾಕಿ ಈಕಿ. ನಂದು ಇದರಾಗ ಏನೂ ಇಲ್ಲ." ಈ ಕೊನೆಯ ಮಾತು ಹೇಳುವಾಗ ಅವನಿಗೆ ಹಲ್ಲು ಕಿತ್ತಂತಾಯಿತು.

ಜಯಂತರಾವ್ ಮೊದಲು ಗಂಭೀರವಾಗಿದ್ದರು. ಆಮೇಲೆ "ಹತ್ತು: ತಮ್ಮ ಹೋದ" ಎಂಬಲ್ಲಿಗೆ ಅವರ ಕಣ್ಣು ಮತ್ತೆ ಹೋಯಿತೆಂದು ಕಾಣುತ್ತದೆ. ಅವರು ನಕ್ಕ ನಗೆಗೆ ಕೆಳಗಿನ ಅಂಗಡಿಯಲ್ಲಿ ಬಂಗಾರದ ತಕ್ಕಡಿ ಅಲ್ಲಾಡಿತು.

"ನೋಡೋ," ಎಂದರು ಕಣ್ಣೊರೆಸಿಕೊಳ್ಳುತ್ತ, "ನಂದೂ ಸುಳ್ಳು ಅಂಕಿ, ನಿಂದೂ ಸುಳ್ಳು ಅಂಕಿ. ಆದರ ನಾ ಏಳು ವರ್ಷ ದಿನಾ ಒಂದ ಸುಳ್ಳು ಹೇಳಿದೆ. ಅದಕ್ಕ ಹವಳ ಬೆಳೀತು. ನೀ ದಿನಕ್ಕೊಂದು ಸುಳ್ಳು ಹೇಳಿದಿ. ಪಾಪದ ಪ್ರಾಣಿ, ಯಾವುದನ್ನ ನಂಬಬೇಕು ಅದು?"

"ಹಂಗಾರ ದೇವದಾಸಗ ಕೊಡ್ತೀರಿ," ಎಂದ ಮಧುಕರ ಬಕೀಟನ್ನು ಎದೆಗವುಚಿಕೊಂಡು.

"ಯಾರಂದ್ರು? ಕಡೀಕ ಹನ್ನೊಂದು ದಿನ ನೀರು ಅಲುಗಿಲ್ಲ. ಹವಳ ನಿಮ್ಮನಿಗೇ ಬರ್ತದ. ಆದರ ನಿನಗಲ್ಲ." ಅವರು ಶುಭಾಳ ಕಡೆ ತಿರುಗಿದರು. "ಶುಭಾ, ಇದು ನಿಮ್ಮದು. ಇವ ಬೇಕಾದ್ರ ಗಾಜು ಒರಸಲಿ. ಮತ್ತ ದಿನಾ ಅಂಕಿ ಫೋನಿನಾಗ ನೀವು ಹೇಳ್ಬೇಕು, ಇವ ಅಲ್ಲ."

"ಆಗಲ್ರಿ," ಎಂದಳು ಶುಭಾ, ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಪಾರ್ಸೆಲ್ ಪಡೆದುಕೊಂಡಂತೆ. ಸಹಿ ಮಾಡುವುದೊಂದು ಬಾಕಿ.

ಮಧ್ಯಾಹ್ನದ ಬಸ್ಸಿನಲ್ಲಿ ಮಧುಕರ ಬಕೀಟನ್ನು ತೊಡೆಯ ಮೇಲಿಟ್ಟು, ಎರಡೂ ತೋಳಿನಿಂದ ಬಳಸಿ ಕುಳಿತ. ಗುಂಡಿ ಬಂದಾಗಲೆಲ್ಲ ಬಸ್ಸಿಗಿಂತ ಮೊದಲು ತಾನೇ ಮೇಲೆ ಹಾರಿ ಬಕೀಟನ್ನು ನೆಟ್ಟಗೆ ಹಿಡಿದ. ಯೇವಲಾದಲ್ಲಿ ಬಿಳಿ ಟೋಪಿಯ ರೈತನೊಬ್ಬ ಹತ್ತಿ ಪಕ್ಕದಲ್ಲಿ ಕುಳಿತು, ಬಕೀಟಿನಲ್ಲಿ ಏನಿದೆಯೆಂದು ಮರಾಠಿಯಲ್ಲಿ ಕೇಳಿದ.

ಶುಭಾ ಕತ್ತು ತಿರುಗಿಸಿದಳು. ಮಧುಕರ ಬಾಯಿ ತೆರೆದ, ಅವಳನ್ನು ಕಂಡ. ಆಮೇಲೆ ಇದ್ದದ್ದನ್ನು ಇದ್ದ ಹಾಗೇ ಹೇಳಿದ. ಇದು ಪ್ರಾಣಿ. ನೋಡಲು ಗಿಡದ ಹಾಗಿದೆ. ಸೋಡಾ ನೀರು ಕುಡಿದು ಕಲ್ಲು ಕಟ್ಟುತ್ತದೆ, ಬೆಳಕಿನಿಂದ ಹೊಟ್ಟೆ ತುಂಬಿಸಿಕೊಳ್ಳುತ್ತದೆ, ಏಳು ವರ್ಷಕ್ಕೆ ಒಂದು ತೆಂಗಿನಕಾಯಿಯಷ್ಟಾಗಿದೆ. ಇದರ ನೀರು ಅಳೆಯಲು ಈವತ್ತು ಸರಾಫನ ತಕ್ಕಡಿಯಲ್ಲಿ ಸೋಡಾ ತೂಗಿಸಿದ್ದೇವೆ. ಇದು ನನ್ನದಲ್ಲ, ಈಕೆಯದು.

ರೈತ ಅವನನ್ನು ಮೇಲಿಂದ ಕೆಳಗೆ ನೋಡಿ, ಟೋಪಿ ಸರಿಮಾಡಿಕೊಂಡ.

"ಕಾಹೀಹಿ ಸಾಂಗತಾ, ಸಾಹೇಬ! ಥಾಪಾ ಮಾರೂ ನಕಾ," ಎಂದ. ಏನೇನೋ ಹೇಳ್ತೀರಿ, ಬುರುಡೆ ಬಿಡಬೇಡಿ.

ಹದಿನೇಳು ಮೊಳದ ಮೊಸಳೆಯನ್ನು ನಂಬಿದ ಲೋಕ ಇದನ್ನು ನಂಬುವುದಿಲ್ಲವೇ? ಮುಚ್ಚಳ ತೆಗೆದು ತೋರಿಸೋಣವೆಂದರೆ ಬಿಸಿಲು, ಧೂಳು.

"ಹೇಳ, ಖರೇ ಅಂತ ಹೇಳ," ಎಂದು ಶುಭಾಳನ್ನು ಬೇಡಿಕೊಂಡ.

ಶುಭಾ ರೈತನ ಕಡೆ ಬಗ್ಗಿ, ಬಹಳ ಮರ್ಯಾದೆಯಿಂದ, "ಇವರು ಯಾವಾಗಲೂ ಹೀಗೇ ಮಾಮಾ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ," ಎಂದು ಮರಾಠಿಯಲ್ಲಿ ಹೇಳಿ, ಕಿಟಕಿಯ ಕಡೆ ತಿರುಗಿ ನಿಫಾಡದ ದ್ರಾಕ್ಷಿ ತೋಟಗಳು ಬರುವ ತನಕ ಭುಜ ಕುಲುಕಿಸುತ್ತ ನಕ್ಕಳು.